ಸೊಟ್ಟಗಾದ ಗೋಡೆ, ಕೂರದ ಟ್ಯಾಬು: ಮಾದರಿ ರೈಲು ಪ್ರಶ್ನೋತ್ತರ

ಪ್ರಶ್ನೆ: ಲೇಸರ್‌ನಲ್ಲಿ ಕತ್ತರಿಸಿದ ಎಚ್‌ಒ ಅಳತೆಯ (1:87, ಅಂದರೆ ನಿಜದ 87ರಲ್ಲೊಂದು ಪಾಲು) ಸ್ಟೇಷನ್ ಕಿಟ್ ತರಿಸಿದ್ದೇನೆ. ಗೋಡೆಗಳು 2 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ). ಮುಂಭಾಗಕ್ಕೆ ಅಕ್ರಿಲಿಕ್ ಬಣ್ಣ ಬಳಿದು ರಾತ್ರಿ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಉದ್ದದ ಗೋಡೆ ಬಿಲ್ಲಿನ ಹಾಗೆ ಬಾಗಿದೆ. ಕಿಟ್ಟೇ ಕಳಪೆಯೇ? (ಮಲ್ಲೇಶ್ವರ)

ಉತ್ತರ: ಕಿಟ್ಟನ್ನು ಬೈಯಬೇಡಿ. ಬಣ್ಣ ಒಂದೇ ಮಗ್ಗುಲಿಗೆ ಬಿದ್ದದ್ದು ತೊಂದರೆ. ನೀರು ಕುಡಿದ ಮುಖದ ನಾರು ಮೊದಲು ಹಿಗ್ಗುತ್ತದೆ. ಆಮೇಲೆ ಬಣ್ಣದ ಪದರ ಒಣಗಿ ಕುಗ್ಗುವಾಗ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಿಂಬದಿಯಲ್ಲಿ ತಿರುಗಿ ಎಳೆಯಲು ಏನೂ ಇಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗಿನ ನಮ್ಮ ಥಂಡಿ ಗಾಳಿಯಲ್ಲಿ ಬಣ್ಣ ನಿಧಾನಕ್ಕೆ ಒಣಗುವುದರಿಂದ ಈ ಕಾಟ ಇನ್ನೂ ಜಾಸ್ತಿ.

ಈಗ ಮಾಡಬೇಕಾದದ್ದು: ಹಿಂಬದಿಗೂ ಅದೇ ಬಣ್ಣವನ್ನು ಅಷ್ಟೇ ದಪ್ಪಕ್ಕೆ ಬಳಿಯಿರಿ. ಕೈಗೆ ಅಂಟದಷ್ಟು ಒಣಗಿದ ಮೇಲೆ ಎರಡು ಬಟರ್ ಪೇಪರ್ ನಡುವೆ ಇಟ್ಟು, ಅಡುಗೆಮನೆಯ ಗ್ರಾನೈಟ್ ಕಟ್ಟೆಯಂಥ ಸಮತಟ್ಟು ಜಾಗದಲ್ಲಿ ದಪ್ಪ ಪುಸ್ತಕಗಳನ್ನು ಹೇರಿ ಒಂದು ದಿನ ಬಿಡಿ. ಮುಕ್ಕಾಲು ಪಾಲು ನೆಟ್ಟಗಾಗುತ್ತದೆ. ಉಳಿದದ್ದನ್ನು ಒಳಗಿನ ಆಧಾರ ಎಳೆದು ಹಿಡಿಯುತ್ತದೆ: 5 ಮಿ.ಮೀ. ಚೌಕದ ಮರದ ಕಡ್ಡಿಯನ್ನು ಗೋಡೆಯ ಮೇಲಂಚು, ಕೆಳಂಚುಗಳ ಉದ್ದಕ್ಕೂ, ಬಣ್ಣ ಕೆರೆದು ತೆಗೆದ ಜಾಗದಲ್ಲಿ ಫೆವಿಕಾಲ್‌ನಲ್ಲಿ ಅಂಟಿಸಿ, ಕ್ಲಿಪ್ ಹಾಕಿಡಿ. ಕಿಟ್‌ನಲ್ಲಿ ಈ ಕಡ್ಡಿ ಕೊಡದಿದ್ದರೂ, 100 ಮಿ.ಮೀ.ಗಿಂತ ಉದ್ದದ ಗೋಡೆಗೆ ಹಾಕಿಯೇ ಬಿಡಿ.

ಮುಂದಿನ ಸಲ ಬಿಡಿಭಾಗಗಳನ್ನು ಹಾಳೆಯಿಂದ ಬಿಡಿಸುವ ಮೊದಲೇ ಎರಡೂ ಕಡೆ ಸ್ಪ್ರೇ ಪ್ರೈಮರ್ ಹೊಡೆಯಿರಿ. ಅದರಲ್ಲಿ ನೀರಿಲ್ಲ, ನಾರು ಉಬ್ಬುವುದಿಲ್ಲ. ತೆಳುವಾಗಿ ಎರಡು ಸಲ, ದಪ್ಪಗೆ ಒಂದೇ ಸಲ ಬೇಡ. ಎಂಡಿಎಫ್‌ನ ಅಂಚು ಮಾತ್ರ ಎಷ್ಟು ಬಣ್ಣ ಕೊಟ್ಟರೂ ಹೀರುತ್ತದೆ. ಅದಕ್ಕೆ ಅರ್ಧಕ್ಕರ್ಧ ನೀರು ಬೆರೆಸಿದ ಫೆವಿಕಾಲನ್ನು ಸಣ್ಣ ಬ್ರಷ್‌ನಲ್ಲಿ ಸವರಿ, ಒಣಗಿದ ಮೇಲೆ 400 ನಂಬರಿನ ಸ್ಯಾಂಡ್‌ಪೇಪರ್ ಉಜ್ಜಿ.

ಪ್ರಶ್ನೆ: ಟ್ಯಾಬ್‌ಗಳು (ಗೋಡೆಯಂಚಿನ ಹಲ್ಲುಗಳು) ಸ್ಲಾಟ್‌ಗೆ (ಅವು ಕೂರಬೇಕಾದ ಸಂದಿಗೆ) ಹೋಗುತ್ತಿಲ್ಲ. ಒತ್ತಿದರೆ ಸೀಳುತ್ತವೆ. ಲೇಸರ್ ಅಷ್ಟು ಕರಾರುವಾಕ್ಕಾಗಿದ್ದರೆ ಹೀಗೇಕೆ? (ವಿಜಯನಗರ)

ಉತ್ತರ: ಲೇಸರ್ ಸರಿಯಾಗಿಯೇ ಕತ್ತರಿಸಿದೆ, ಹಾಳೆಯ ದಪ್ಪ ಹೇಳಿದಂತಿಲ್ಲ. 3 ಮಿ.ಮೀ. ಎಂದು ಮಾರುವ ಹಾಳೆ ವರ್ನಿಯರ್‌ನಲ್ಲಿ ಅಳೆದರೆ 2.7ರಿಂದ 3.2ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಪ್ರೈಮರ್ ಹೊಡೆದ ಮೇಲೆ ಇನ್ನಷ್ಟು ದಪ್ಪ. ಟ್ಯಾಬ್‌ನ ಅಗಲದ ಮುಖಗಳನ್ನು ಉಜ್ಜಿ ಸರಿಮಾಡಿ, ಸ್ಲಾಟನ್ನು ಅಗಲ ಮಾಡಬೇಡಿ. ಅಲ್ಲಿ ಕೈ ಜಾರಿದರೆ ಗೋಡೆಯ ಹೊರಗೆ ಕಾಣುತ್ತದೆ. ಅಂಟು ಹಾಕುವ ಮೊದಲು ಇಡೀ ಕಟ್ಟಡವನ್ನು ಒಣದಾಗಿ ಜೋಡಿಸಿ ನೋಡುವುದನ್ನು ಬಿಡಬೇಡಿ. ಜೋಡಣೆಯ ಜಾಗಕ್ಕೆ ಬಣ್ಣ ತಾಗದ ಹಾಗೆ ಮಾಸ್ಕಿಂಗ್ ಟೇಪ್ ಹಾಕಿಡಿ. ಬಣ್ಣದ ಮೇಲೆ ಫೆವಿಕಾಲ್ ಕಚ್ಚುವುದಿಲ್ಲ.

ನೀವೇ ಡ್ರಾಯಿಂಗ್ ಮಾಡಿ ಕತ್ತರಿಸುವುದಾದರೆ, ಕಿರಣ ಸುಟ್ಟುಹಾಕುವ ಗೆರೆಯ ಅಗಲ ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಎಂಬುದು ಲೆಕ್ಕದಲ್ಲಿರಲಿ. ಅದೇ ಹಾಳೆಯ ಮೂಲೆಯಲ್ಲಿ 2.7, 2.8, 2.9 ಹೀಗೆ ಸ್ಲಾಟ್‌ಗಳ ಒಂದು ಪರೀಕ್ಷಾ ತುಂಡು ಮೊದಲು ಕತ್ತರಿಸಿ ನೋಡಿದರೆ ಆಮೇಲೆ ತಲೆಬಿಸಿಯಿಲ್ಲ.

ಪ್ರಶ್ನೆ: ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ನಂದಿ ಹಾಲ್ಟ್‌ನಂಥ ಹಳೆಯ ಸ್ಟೇಷನ್ ಮಾಡುವ ಆಸೆ. ಮಂಗಳೂರು ಹಂಚಿನ ಚಾವಣಿಯ ಕಿಟ್ ಎಲ್ಲೂ ಇಲ್ಲ. ಬರೀ ಫೋಟೊ ಇದೆ, ಅಳತೆ ಇಲ್ಲ. (ಯಲಹಂಕ)

ಉತ್ತರ: ಅಳತೆ ಫೋಟೊದಲ್ಲೇ ಇದೆ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಕೂರುತ್ತವೆ. ಅಂದರೆ ಒಂದೊಂದರ ಕಾಣುವ ಭಾಗ ಸುಮಾರು 32 ಸೆಂ.ಮೀ. ಎತ್ತರ, 21 ಸೆಂ.ಮೀ. ಅಗಲ. ಸೂರಿನಿಂದ ಚಾವಣಿಯ ನೆತ್ತಿಯವರೆಗೆ ಎಷ್ಟು ಸಾಲು, ಒಂದು ಸಾಲಿನಲ್ಲಿ ಎಷ್ಟು ಹಂಚು ಎಂದು ಎಣಿಸಿ ಗುಣಿಸಿದರೆ ಚಾವಣಿಯ ಅಳತೆ ಸಿಕ್ಕಿತು. ಬಾಗಿಲಿನ ಎತ್ತರ 2.1 ಮೀಟರ್ ಎಂದು ಹಿಡಿದು ತಾಳೆ ನೋಡಿ.

1:87ರಲ್ಲಿ ಆ ಹಂಚು 3.7 × 2.4 ಮಿ.ಮೀ. ಆಗುತ್ತದೆ. 180 ಮಿ.ಮೀ. ಉದ್ದ, 60 ಮಿ.ಮೀ. ಇಳಿಜಾರಿನ ಒಂದು ಮಗ್ಗುಲಿಗೇ 16 ಸಾಲು, ಸಾಲಿಗೆ 75. ಒಂದೊಂದಾಗಿ ಅಂಟಿಸುವ ಹುಚ್ಚಿಗೆ ಬೀಳಬೇಡಿ. 160 ಜಿಎಸ್‌ಎಂ ಕಾಗದದಲ್ಲಿ 5 ಮಿ.ಮೀ. ಅಗಲದ ಪಟ್ಟಿಗಳನ್ನು ಲೇಸರ್‌ನಲ್ಲಿ ಕತ್ತರಿಸಿ: ಕೆಳಂಚಿನಲ್ಲಿ 2.4 ಮಿ.ಮೀ.ಗೊಂದು ಸಣ್ಣ ಕಚ್ಚು, ಮೇಲೆ ನವಿರಾದ ಗೆರೆ. ಕಾಗದಕ್ಕೆ ಲೇಸರ್ ಪವರ್ ತೀರ ಕಡಿಮೆ ಇಡಬೇಕು, ಇಲ್ಲವಾದರೆ ಗೆರೆಯ ಜಾಗದಲ್ಲಿ ತೂತು ಬೀಳುತ್ತದೆ.

ಚಾವಣಿಯ ರಟ್ಟಿನ ಮೇಲೆ 3.7 ಮಿ.ಮೀ.ಗೊಂದು ಪೆನ್ಸಿಲ್ ಗೆರೆ ಎಳೆದು, ಸೂರಿನಿಂದ ಮೇಲಕ್ಕೆ ಅಂಟಿಸುತ್ತ ಹೋಗಿ. ಪ್ರತಿ ಪಟ್ಟಿ ಕೆಳಗಿನದನ್ನು 1.3 ಮಿ.ಮೀ. ಮುಚ್ಚುತ್ತದೆ. ಮೊದಲ ಸಾಲಿನ ಅಡಿಗೆ ಕಾಗದದ ಒಂದು ಎಳೆ ಕೊಡದಿದ್ದರೆ ಆ ಸಾಲು ಮಾತ್ರ ಚಪ್ಪಟೆಯಾಗಿ ಮಲಗಿ ಎದ್ದು ಕಾಣುತ್ತದೆ. ಪಟ್ಟಿ ಅಂಟಿಸುವ ಮೊದಲೇ ಬಣ್ಣ ಬಳಿದಾಗಲಿ. ಎಲ್ಲ ಹಂಚಿಗೂ ಒಂದೇ ಕೆಂಪು ಹಾಕಿದರೆ ಪ್ಲಾಸ್ಟಿಕ್ ಆಟಿಕೆಯಾಗುತ್ತದೆ. ಅಲ್ಲೊಂದು ಇಲ್ಲೊಂದು ಹಂಚಿಗೆ ಕಂದು ಮುಟ್ಟಿಸಿ, ನೆತ್ತಿಯಿಂದ ಕೆಳಕ್ಕೆ ನೀರಾದ ಕಪ್ಪು ಇಳಿಬಿಡಿ, ಪಾಚಿ ಒಣಗಿದ ಕಲೆ ಹಾಗೇ ಬರುತ್ತದೆ.

ಪ್ರಶ್ನೆ: ಕಿಟ್‌ನ ಪ್ಲಾಟ್‌ಫಾರ್ಮ್ ಹಳಿಯಿಂದ ಎಷ್ಟು ದೂರ ಇರಬೇಕು? ಎಲ್‌ಎಚ್‌ಬಿ (ಈಗಿನ ಉದ್ದನೆಯ ನಮೂನೆಯ) ಬೋಗಿ ತಿರುವಿನಲ್ಲಿ ಉಜ್ಜುತ್ತದೆ. (ಕೆಂಗೇರಿ)

ಉತ್ತರ: ನಮ್ಮ ಬ್ರಾಡ್‌ಗೇಜ್‌ನಲ್ಲಿ ಹಳಿಯ ನಡುಗೆರೆಯಿಂದ ಪ್ಲಾಟ್‌ಫಾರ್ಮ್ ಅಂಚಿಗೆ 1670ರಿಂದ 1680 ಮಿ.ಮೀ., ಹಳಿಯ ಮೇಲ್ಮಟ್ಟದಿಂದ ಎತ್ತರ 760ರಿಂದ 840. ಎಚ್‌ಒದಲ್ಲಿ ಇದು 19.2 ಮಿ.ಮೀ. ದೂರ, 8.7ರಿಂದ 9.7 ಎತ್ತರ. ಬೋಗಿಯ ಅಗಲ 3240, ಅಂದರೆ ಮಾದರಿಯಲ್ಲಿ ಅರ್ಧ ಅಗಲ 18.6. ಉಳಿಯುವ ಸಂದು 0.6 ಮಿ.ಮೀ. ಮಾದರಿ ಹಳಿಯ ಅಲುಗಾಟಕ್ಕೆ ಅದು ಸಾಲದು, ನೇರ ಹಳಿಯಲ್ಲಿ 21 ಇಡಿ.

ತಿರುವಿನ ಲೆಕ್ಕವೇ ಬೇರೆ. ಬೋಗಿಯ ಎರಡು ಚಕ್ರಗಾಡಿಗಳ ನಡುವಿನ ದೂರ 14.9 ಮೀಟರ್, ಮಾದರಿಯಲ್ಲಿ 171 ಮಿ.ಮೀ. 600 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೆ 6 ಮಿ.ಮೀ., ತುದಿಗಳು ಹೊರಕ್ಕೆ 9 ಮಿ.ಮೀ. ಚಾಚುತ್ತವೆ. ಹಾಗಾಗಿ ಒಳಬದಿಗೆ 26, ಹೊರಬದಿಗೆ 29 ಬೇಕಾಗುತ್ತದೆ. ಅಷ್ಟು ಸಂದು ಕಣ್ಣಿಗೆ ಅಸಹ್ಯ. ಸಾಧ್ಯವಿದ್ದರೆ ಪ್ಲಾಟ್‌ಫಾರ್ಮನ್ನೇ ನೇರ ಹಳಿಗೆ ಸರಿಸಿ.

ಪ್ರಶ್ನೆ: ಒಳಗೆ ಎಲ್‌ಇಡಿ ಹಾಕಿದರೆ ಗೋಡೆಯ ಸಂದಿನಿಂದೆಲ್ಲ ಬೆಳಕು ಸೋರುತ್ತದೆ. (ಜಯನಗರ)

ಉತ್ತರ: ಒಳಗೋಡೆಗೆ ಮೊದಲು ಮಂದ ಕಪ್ಪು, ಅದರ ಮೇಲೆ ಬಿಳಿ. ಮೂಲೆಗಳಿಗೆ ಒಳಗಿನಿಂದ ಕಪ್ಪು ಕಾಗದದ ಪಟ್ಟಿ. ಬೆಳಕೂ ಜಾಸ್ತಿಯಾಗಿರಬಹುದು: 12 ವೋಲ್ಟ್‌ಗೆ 470 ಓಮ್ ರೆಸಿಸ್ಟರ್ ಹಾಕಿದ್ದರೆ ಬಿಳಿ ಎಲ್‌ಇಡಿಗೆ 19 ಮಿಲಿಆಂಪ್ ಹರಿಯುತ್ತದೆ. ಎಸ್‌.ಪಿ. ರಸ್ತೆಯಲ್ಲಿ 3.3 ಕಿಲೋಓಮ್ ಕೇಳಿ ತನ್ನಿ. ಮೂರಕ್ಕಿಂತ ಕಡಿಮೆ ಮಿಲಿಆಂಪ್, ಹಳ್ಳಿ ಸ್ಟೇಷನ್ನಿಗೆ ಅಷ್ಟು ಧಾರಾಳ. ಕಿಟಕಿಯ ಗಾಜಿಗೆ ಫೆವಿಕ್ವಿಕ್ ಬೇಡ, ಅದರ ಹೊಗೆ ಗಾಜನ್ನು ಮಬ್ಬು ಮಾಡುತ್ತದೆ.

ಪ್ರಶ್ನೆ: ಮನೆಯಲ್ಲಿ ಸನ್‌ಬೋರ್ಡ್ ಉಳಿದಿದೆ. ಅದನ್ನೇ ಲೇಸರ್ ಅಂಗಡಿಗೆ ಕೊಡಬಹುದೇ? (ಬಸವನಗುಡಿ)

ಉತ್ತರ: ಬೇಡ. ನಮ್ಮಲ್ಲಿ ಸನ್‌ಬೋರ್ಡ್ ಎಂದು ಸಿಗುವುದು ಹೆಚ್ಚಾಗಿ ಪಿವಿಸಿ. ಅದನ್ನು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಉಸಿರಿಗೂ ಕೆಡುಕು, ಯಂತ್ರದ ಲೋಹಕ್ಕೂ ತುಕ್ಕು. ಸನ್‌ಬೋರ್ಡನ್ನು ಕಟರ್‌ನಲ್ಲಿ ಕೈಯಿಂದ ಕೊಯ್ದು ಅಡಿಪಾಯಕ್ಕೆ ಬಳಸಿಕೊಳ್ಳಿ. ಲೇಸರ್‌ಗೆ ಎಂಡಿಎಫ್, ಪ್ಲೈವುಡ್, ರಟ್ಟು, ಅಕ್ರಿಲಿಕ್ ಕೊಡಿ.