ಏಜೆಂಟ್ ಕೇಳುವ 60 ಸಾವಿರದಲ್ಲಿ ಎಂಬೆಸಿ ಫೀ ಎಷ್ಟು?

ನಿಮ್ಮ ಅಪ್ಪ ಅಮ್ಮನ ಅಮೆರಿಕ ವಿಸಿಟರ್ ವೀಸಾಕ್ಕೆ ದಾವಣಗೆರೆಯ ಏಜೆಂಟ್ ಒಬ್ಬರು 60 ಸಾವಿರ ಕೇಳಿದ್ದಾರೆ, ಅಷ್ಟೂ ಎಂಬೆಸಿ ಫೀ ಅಂದಿದ್ದಾರೆ. ಇದು ನಿಜವಾ, ವೀಸಾ ಸಿಗದಿದ್ದರೆ ದುಡ್ಡು ವಾಪಸ್ ಬರುತ್ತಾ ಅಂತ ಕೇಳಿದ್ದೀರಿ.

ಅಷ್ಟೂ ಎಂಬೆಸಿ ಫೀ ಅಲ್ಲ. ಎಂಬೆಸಿಗೆ ಕಟ್ಟಿದ ಭಾಗವಂತೂ ವಾಪಸ್ ಬರುವುದಿಲ್ಲ.

ವಿಸಿಟರ್ ವೀಸಾದ ಅರ್ಜಿ ಫೀ ಒಬ್ಬರಿಗೆ 185 ಡಾಲರ್. ಮೊದಲು 160 ಇತ್ತು, 2023ರ ಜೂನ್ 17ರಿಂದ ಏರಿತು. ಡಾಲರ್‌ಗೆ 90 ರೂಪಾಯಿ ಅಂತ ಹಿಡಿದರೆ ಒಬ್ಬರಿಗೆ 16,650, ಇಬ್ಬರಿಗೆ 33,300. ಕಾನ್ಸುಲೇಟ್ ತನ್ನದೇ ವಿನಿಮಯ ದರ ಹಾಕುತ್ತದೆ, ಹಾಗಾಗಿ ಸ್ವಲ್ಪ ಹೆಚ್ಚು ಕಮ್ಮಿ ಆಗಬಹುದು. ಡಿಎಸ್-160 ಅನ್ನುವ ಅರ್ಜಿ ತುಂಬುವುದಕ್ಕೆ ಪ್ರತ್ಯೇಕ ಫೀ ಇಲ್ಲ. ಉಳಿದ ಸುಮಾರು 27 ಸಾವಿರ ಯಾವುದಕ್ಕೆ ಅಂತ ನೀವು ಕೇಳಲೇಬೇಕು.

ನಾವು ಕೇಳಲಿಲ್ಲ. ಅಕ್ಕನ ಬಾಣಂತನಕ್ಕೆ ಅಪ್ಪ ಅಮ್ಮನನ್ನು ಕಳಿಸಬೇಕಿತ್ತು. ಏಜೆಂಟ್ ಇಬ್ಬರಿಗೂ ಸೇರಿ 48 ಸಾವಿರ ಅಂದರು. ಚನ್ನಗಿರಿಯಲ್ಲಿ ಅಡಿಕೆ ಮಾರಿ ಬಂದ ದುಡ್ಡನ್ನು ಅಪ್ಪ ಹಾಗೇ ಎಣಿಸಿ ಕೊಟ್ಟರು. ರಸೀದಿ ಅಂತ ಸಿಕ್ಕಿದ್ದು ಒಂದು ಬಿಳಿ ಚೀಟಿ. ಹೈದರಾಬಾದಿನಲ್ಲಿ ಇಂಟರ್‌ವ್ಯೂ ಎರಡು ಮೂರು ನಿಮಿಷದಲ್ಲಿ ಮುಗಿಯಿತು, ಇಬ್ಬರಿಗೂ ಇಲ್ಲ ಅಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಅಮ್ಮ ಒಂದು ಮಾತೂ ಆಡಲಿಲ್ಲವಂತೆ.

ಆಮೇಲೆ ದುಡ್ಡು ಕೇಳಿದರೆ "ಸರ್ಕಾರ ವಾಪಸ್ ಕೊಡಲ್ಲ" ಅನ್ನುವ ಉತ್ತರ. ಸರ್ಕಾರದ ಪಾಲಿನ ಮಟ್ಟಿಗೆ ಅದು ಸರಿ. ಆದರೆ ಅಲ್ಲಿಗೆ ಹೋಗಿದ್ದು ಸುಮಾರು 31 ಸಾವಿರ ಮಾತ್ರ. ಮಿಕ್ಕಿದ್ದು ಅವರ ಕೂಲಿ. ಅದನ್ನೂ ಎಂಬೆಸಿ ಹೆಸರಿನಲ್ಲೇ ತೆಗೆದುಕೊಂಡಿದ್ದರು. ಈಗಲೂ ನನಗೆ ಸಿಟ್ಟಿರುವುದು ಅದಕ್ಕೇ. ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿರುತ್ತದೆ, ಪುಟಗಟ್ಟಲೆ ಪ್ರಶ್ನೆ. ತುಂಬಿಕೊಟ್ಟವರು ಕೂಲಿ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕೂಲಿಯನ್ನು ಕೂಲಿ ಅಂತ ಹೇಳಿ ತೆಗೆದುಕೊಳ್ಳಬೇಕು ಅಷ್ಟೇ.

ಫೀ ಯಾಕೆ ವಾಪಸ್ ಬರುವುದಿಲ್ಲ ಅಂದರೆ, ಅದು ವೀಸಾದ ಬೆಲೆ ಅಲ್ಲ, ಅರ್ಜಿ ನೋಡುವುದಕ್ಕೆ ಕೊಡುವ ದುಡ್ಡು. ಜಗಳೂರು ಕಡೆ ಬೋರ್ ಕೊರೆಸಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ನೀರು ಬೀಳಲಿ ಬಿಡಲಿ, ಅಡಿ ಲೆಕ್ಕದಲ್ಲಿ ಕೊಡಲೇಬೇಕಲ್ವಾ? ಇನ್ನೊಂದು ಪಾಯಿಂಟ್ ಹಾಕಿಸಿದರೆ ಮತ್ತೆ ದುಡ್ಡು. ವೀಸಾ ಇಲ್ಲ ಅಂದ ಮೇಲೆ ಮತ್ತೆ ಅರ್ಜಿ ಹಾಕಬಹುದು, ಆದರೆ 185 ಡಾಲರ್ ಮತ್ತೆ ಕಟ್ಟಬೇಕು.

ಎರಡನೇ ಸಲ ನಾನೇ ಕೂತು ಮಾಡಿದೆ. ವೀಸಾ ಸೈಟಿನಲ್ಲಿ ಅಪ್ಪನ ಹೆಸರಿನಲ್ಲೇ ಲಾಗಿನ್, ನಮ್ಮದೇ ಮೇಲ್, ನಮ್ಮದೇ ಫೋನ್ ನಂಬರ್. ಇದನ್ನು ದಯವಿಟ್ಟು ಬಿಡಬೇಡಿ. ಏಜೆಂಟ್ ತಮ್ಮ ಮೇಲ್ ಹಾಕಿಕೊಂಡರೆ ಎಷ್ಟು ಕಟ್ಟಿದ್ದಾರೆ, ಇಂಟರ್‌ವ್ಯೂಗೆ ಯಾವ ದಿನ ಸಿಕ್ಕಿದೆ, ಯಾವುದೂ ನಿಮಗೆ ಕಾಣುವುದಿಲ್ಲ. ಫೀ ಕಟ್ಟಿದ ರಸೀದಿ 365 ದಿನ ನಡೆಯುತ್ತದೆ, ಅಷ್ಟರೊಳಗೆ ಇಂಟರ್‌ವ್ಯೂ ದಿನ ಬುಕ್ ಮಾಡಬೇಕು. 2025ರ ಜನವರಿಯಿಂದ ಇನ್ನೊಂದು ನಿಯಮ ಬಂದಿದೆ: ದಿನವನ್ನು ಮತ್ತೆ ಫೀ ಕಟ್ಟದೆ ಒಂದೇ ಸಲ ಬದಲಿಸಬಹುದು. ಇನ್ನೊಮ್ಮೆ ಬದಲಿಸಬೇಕಾದರೂ, ಆ ದಿನ ಹೋಗದೇ ಇದ್ದರೂ ಹೊಸದಾಗಿ ಫೀ ಕಟ್ಟಬೇಕು. ಮನೆಯಲ್ಲಿ ಮದುವೆ, ಹಬ್ಬ, ಅಡಿಕೆ ಕೊಯ್ಲು ಎಲ್ಲ ನೋಡಿಕೊಂಡೇ ದಿನ ಆರಿಸಿ.

ನಿಮ್ಮ ಏಜೆಂಟ್ "ಹೊಸ ಫೀ ಬಂದಿದೆ" ಅನ್ನಬಹುದು. 2025ರ ಜುಲೈ 4ರಂದು ಸಹಿ ಬಿದ್ದ ಕಾನೂನಿನಲ್ಲಿ 250 ಡಾಲರ್‌ನ ವೀಸಾ ಇಂಟೆಗ್ರಿಟಿ ಫೀ ಇರುವುದು ನಿಜ. ಆದರೆ ಆ ಕಾನೂನಿನ ಪ್ರಕಾರ ಅದು ವೀಸಾ ಕೊಡುವಾಗ ಕಟ್ಟುವ ಹಣ, ಅರ್ಜಿ ಹಾಕುವಾಗ ಅಲ್ಲ. ಆ ಹೆಸರು ಹೇಳಿ ಈಗಲೇ ದುಡ್ಡು ಕೇಳಿದರೆ ಕೊಡಬೇಡಿ. ಕಟ್ಟುವ ದಿನದ ಫೀ ಎಷ್ಟು ಅಂತ ಅಮೆರಿಕ ಸರ್ಕಾರದ ಸೈಟ್ ಟ್ರಾವೆಲ್ ಡಾಟ್ ಸ್ಟೇಟ್ ಡಾಟ್ ಗವ್ ತೆರೆದು ನೀವೇ ನೋಡಿಕೊಳ್ಳಿ.

ಬೇರೆ ದೇಶಗಳಿಗೆ ಲೆಕ್ಕ ಬೇರೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಅದರ ಮೇಲೆ ಅರ್ಜಿ ತೆಗೆದುಕೊಳ್ಳುವ ಸೆಂಟರಿನ ಸೇವಾ ಶುಲ್ಕ. ಕೆನಡಾಕ್ಕೆ 100 ಕೆನಡಾ ಡಾಲರ್, ಬೆರಳಚ್ಚಿಗೆ ಇನ್ನೂ 85.

ಏಜೆಂಟ್ ಹತ್ತಿರ ಹೋದಾಗ ಜಗಳ ಆಡಬೇಡಿ. "ಎಂಬೆಸಿ ಫೀ ನಾನೇ ಕಟ್ಟುತ್ತೇನೆ, ನಿಮ್ಮ ಕೂಲಿ ಎಷ್ಟು ಹೇಳಿ, ಅದಕ್ಕೆ ಬಿಲ್ ಕೊಡಿ" ಅನ್ನಿ. ಅವರು ಒಪ್ಪದಿದ್ದರೆ ಎದ್ದು ಬನ್ನಿ. ಎರಡು ಸಂಜೆ ಬಿಡುವು ಮಾಡಿಕೊಂಡರೆ ಅರ್ಜಿ ನೀವೇ ತುಂಬಬಹುದು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ನಮ್ಮ ಅಪ್ಪ ಅಮ್ಮನಿಗೆ ಎರಡನೇ ಸಲ ಹತ್ತು ವರ್ಷದ ವೀಸಾ ಸಿಕ್ಕಿತು. ಅಷ್ಟರಲ್ಲಿ ಬಾಣಂತನ ಮುಗಿದು ಮಗು ತೆವಳುತ್ತಿತ್ತು.