ಕ್ಲಬ್ ಹಳೇ ಮೈದಾನ ಬಿಟ್ಟರೆ ಅಭಿಮಾನಿಗಳು ಯಾಕೆ ಅಳುತ್ತಾರೆ?

ಹುಲ್ಲು ಎಲ್ಲ ಕಡೆ ಒಂದೇ, ಗೋಲ್‌ಪೋಸ್ಟಿನ ಅಳತೆಯೂ ಒಂದೇ, ಹೊಸ ಸ್ಟೇಡಿಯಂನಲ್ಲಿ ಸೀಟೂ ಜಾಸ್ತಿ. ಮತ್ತೆ ಈ ಗೋಳು ಯಾಕೆ ಅಂತ ಕೇಳಿದ್ದೀರಿ. ನನಗೂ ಮೊದಲು ಇದು ಅತಿಯಾಯಿತು ಅನ್ನಿಸುತ್ತಿತ್ತು. ಕ್ಲಬ್ ಅಂದರೆ ಆಟಗಾರರು, ಜೆರ್ಸಿ, ಗೆದ್ದ ಕಪ್ಪುಗಳು. ಮೈದಾನ ಬರೀ ಬಾಡಿಗೆ ಮನೆ ಅಂದುಕೊಂಡಿದ್ದೆ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್ ಹುಟ್ಟಿದ ಕಥೆ ಓದಿದ ಮೇಲೆ ಆ ಲೆಕ್ಕ ತಲೆಕೆಳಗಾಯಿತು.

ಆನ್‌ಫೀಲ್ಡ್ ಮೈದಾನ ಅಂದ ತಕ್ಷಣ ಲಿವರ್‌ಪೂಲ್ ನೆನಪಾಗುತ್ತದೆ ಅಲ್ವಾ? ಆದರೆ 1884ರಿಂದ 1892ರವರೆಗೆ ಅಲ್ಲಿ ಆಡುತ್ತಿದ್ದದ್ದು ಅದೇ ಊರಿನ ಇನ್ನೊಂದು ಕ್ಲಬ್, ಎವರ್ಟನ್. 1891ರಲ್ಲಿ ಮೊದಲ ಸಲ ಲೀಗ್ ಗೆದ್ದಾಗಲೂ ಅವರ ಮನೆ ಆನ್‌ಫೀಲ್ಡೇ. ಜಾಗ ಜಾನ್ ಹೌಲ್ಡಿಂಗ್ ಎಂಬ ಬಿಯರ್ ವ್ಯಾಪಾರಿಯ ಕೈಯಲ್ಲಿತ್ತು. ಕ್ಲಬ್ಬಿನ ಅಧ್ಯಕ್ಷನೂ ಅವನೇ. ಆಟಗಾರರು ಬಟ್ಟೆ ಬದಲಿಸುತ್ತಿದ್ದದ್ದು ಕೂಡ ಅವನ ಹೋಟೆಲಿನಲ್ಲಿ! ಕೆಲವೇ ವರ್ಷಗಳಲ್ಲಿ ಬಾಡಿಗೆ ಎರಡು ಪಟ್ಟಿಗಿಂತ ಜಾಸ್ತಿಯಾಯಿತು, ಜಗಳ ಬೆಳೆಯಿತು. ಕೊನೆಗೆ ಎವರ್ಟನ್‌ನವರು ಗಂಟುಮೂಟೆ ಕಟ್ಟಿ, ಸ್ಟ್ಯಾನ್ಲಿ ಪಾರ್ಕಿನ ಆಚೆ ಬದಿಯಲ್ಲಿ ಗೂಡಿಸನ್ ಪಾರ್ಕ್ ಎಂಬ ಹೊಸ ಮೈದಾನ ಕಟ್ಟಿಕೊಂಡರು.

ಹೌಲ್ಡಿಂಗ್ ಪಾಲಿಗೆ ಉಳಿದದ್ದು ಖಾಲಿ ಮೈದಾನ. ಎವರ್ಟನ್ ಅನ್ನುವ ಹೆಸರನ್ನಾದರೂ ಇಟ್ಟುಕೊಳ್ಳಲು ನೋಡಿದ, ಫುಟ್‌ಬಾಲ್ ಅಸೋಸಿಯೇಷನ್ ಬಿಡಲಿಲ್ಲ. ಸರಿ, ಹೊಸ ಕ್ಲಬ್ಬನ್ನೇ ಶುರು ಮಾಡಿದ. ಅದೇ ಲಿವರ್‌ಪೂಲ್. ಆಟಗಾರರೇ ಇರಲಿಲ್ಲ, ಹೆಚ್ಚಿನವರನ್ನು ಸ್ಕಾಟ್ಲೆಂಡಿನಿಂದ ಕರೆತಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಇಲ್ಲಿ ಕುಲಾವಿ ಇತ್ತು ಅಂತಲೇ ಕೂಸು ಹುಟ್ಟಿತು.

ಇಲ್ಲೊಂದು ಅಡ್ಡ ಮಾತು. ಆನ್‌ಫೀಲ್ಡಿನ ಪ್ರಸಿದ್ಧ 'ಕಾಪ್' ಸ್ಟ್ಯಾಂಡ್ ಎದ್ದದ್ದು 1906ರಲ್ಲಿ. 1900ರ ಬೋಯರ್ ಯುದ್ಧದಲ್ಲಿ ರಕ್ತ ಹರಿದ ದಕ್ಷಿಣ ಆಫ್ರಿಕಾದ ಸ್ಪಿಯಾನ್ ಕಾಪ್ ಗುಡ್ಡದ ಹೆಸರು ಅದು. ಆ ಕದನದಲ್ಲಿ ಗಾಯಾಳುಗಳನ್ನು ಹೊತ್ತವರ ಗುಂಪಿನಲ್ಲಿ ಗಾಂಧೀಜಿಯೂ ಇದ್ದರು.

ಲಂಡನ್ನಿನ ಚೆಲ್ಸಿ ಕ್ಲಬ್ಬಿನದೂ ಇಂಥದ್ದೇ ಕಥೆ. ಅದು ಆಡುವ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ 1877ರಿಂದ ಓಟದ ಸ್ಪರ್ಧೆಗಳ ಮೈದಾನವಾಗಿತ್ತು. 1904ರಲ್ಲಿ ಅದನ್ನು ಕೊಂಡ ಗಸ್ ಮಿಯರ್ಸ್, ಪಕ್ಕದ ಫುಲ್‌ಹ್ಯಾಮ್ ಕ್ಲಬ್ಬಿಗೆ 'ಬಂದು ಆಡಿ' ಅಂದ. ಅವರು ಬರಲಿಲ್ಲ. ಮೈದಾನ ಇದೆ, ತಂಡ ಇಲ್ಲ. 1905ರಲ್ಲಿ ಚೆಲ್ಸಿಯನ್ನೇ ಹುಟ್ಟುಹಾಕಿದ. ಈಗ ಆ ನೆಲ ಕ್ಲಬ್ಬಿನ ಮಾಲೀಕರದ್ದಲ್ಲ, ಅಭಿಮಾನಿಗಳೇ ಷೇರು ಕೊಂಡಿರುವ ಒಂದು ಸಂಸ್ಥೆಯದ್ದು. 2011ರಲ್ಲಿ ಆಗಿನ ಮಾಲೀಕ ಅಬ್ರಮೋವಿಚ್ ಕಾಲದಲ್ಲಿ ಕ್ಲಬ್ ಅದನ್ನು ವಾಪಸ್ ಕೊಳ್ಳಲು ಹೊರಟಿತು. ಶೇಕಡ 75 ಮತ ಬೇಕಿತ್ತು, ಬಿದ್ದದ್ದು ಸುಮಾರು 62. ದುಡ್ಡಿನ ಹೊಳೆಯನ್ನೇ ಹರಿಸಿದ ಮಾಲೀಕನಿಗೂ ನೆಲ ಮಾತ್ರ ಸಿಗಲಿಲ್ಲ!

ಇನ್ನು ಬಿಟ್ಟು ಹೋದವರ ವಿಷಯ. ಆರ್ಸೆನಲ್ ಕ್ಲಬ್ಬಿನ ಹಳೇ ಮೈದಾನ ಹೈಬರಿ ಈಗ ಫ್ಲಾಟುಗಳು. ಆಡುತ್ತಿದ್ದ ಜಾಗ ನಿವಾಸಿಗಳ ತೋಟ. ಗೂಡಿಸನ್ ಸ್ವಲ್ಪ ಅದೃಷ್ಟವಂತ: 2025ರಲ್ಲಿ ಎವರ್ಟನ್ ಪುರುಷರ ತಂಡ ಬಂದರಿನ ಹೊಸ ಸ್ಟೇಡಿಯಂಗೆ ಹೋದರೂ ಮಹಿಳೆಯರ ತಂಡ ಹಳೇ ಮನೆಗೇ ಬಂತು. ಅರ್ಜೆಂಟೀನಾದ ಸ್ಯಾನ್ ಲೊರೆಂಜೊ ಕ್ಲಬ್ಬಿನ ಗತಿ ಕೆಟ್ಟದ್ದು. ಸೇನಾ ಸರ್ಕಾರದ ಕಾಲದಲ್ಲಿ, 1979ರಲ್ಲಿ ಬೊಯೆಡೊ ಬಡಾವಣೆಯ ಮೈದಾನ ಕೈತಪ್ಪಿ, ಅಲ್ಲಿ ಸೂಪರ್‌ಮಾರ್ಕೆಟ್ ಎದ್ದಿತು. ಅಭಿಮಾನಿಗಳು ಬಿಡಲಿಲ್ಲ. ಬೀದಿಗಿಳಿದರು, ಚದರ ಮೀಟರ್ ಲೆಕ್ಕದಲ್ಲಿ ದುಡ್ಡು ಹಾಕಿದರು. 2019ರಲ್ಲಿ ಜಾಗ ಕ್ಲಬ್ಬಿಗೆ ಮರಳಿತು.

ನನ್ನನ್ನು ಜಾಸ್ತಿ ಕಾಡುವುದು ಮಾತ್ರ ವಿಂಬಲ್ಡನ್. ಟೆನಿಸ್ ಅಲ್ಲ, ಅದೇ ಹೆಸರಿನ ಫುಟ್‌ಬಾಲ್ ಕ್ಲಬ್. 1991ರಲ್ಲಿ ಕ್ಲಬ್ ತನ್ನ ಮೈದಾನ ಪ್ಲೌ ಲೇನ್ ಬಿಟ್ಟು ಬೇರೊಬ್ಬರ ಮೈದಾನ ಹಂಚಿಕೊಂಡಿತು. ಆಮೇಲೆ ಮಿಲ್ಟನ್ ಕೀನ್ಸ್ ಎಂಬ ಬೇರೆ ಊರಿಗೇ ಹೊರಟಿತು. ಅಭಿಮಾನಿಗಳು 'ಹೋಗಿ ಬನ್ನಿ' ಅಂತ ಸುಮ್ನೆ ಕೂರಲಿಲ್ಲ. 2002ರಲ್ಲಿ ತಮ್ಮದೇ ಎಎಫ್‌ಸಿ ವಿಂಬಲ್ಡನ್ ಕಟ್ಟಿ, ಬಯಲಿನಲ್ಲಿ ಆಯ್ಕೆ ನಡೆಸಿ, ತೀರಾ ಕೆಳಗಿನ ಲೀಗ್‌ನಿಂದ ಹತ್ತಿಕೊಂಡು ಬಂದರು. 2020ರ ನವೆಂಬರಿನಲ್ಲಿ, ಹಳೇ ಮೈದಾನದಿಂದ ಕೂಗಳತೆಯಲ್ಲಿ, ಅದೇ ಪ್ಲೌ ಲೇನ್ ರಸ್ತೆಯಲ್ಲಿ ಹೊಸ ಸ್ಟೇಡಿಯಂ ತೆರೆಯಿತು.

ಆಗ ಕೊರೊನಾ ಕಾಲ. 29 ವರ್ಷ ಕಾದಿದ್ದವರಿಗೆ ಮೊದಲ ಪಂದ್ಯದ ದಿನ ಒಳಗೆ ಪ್ರವೇಶ ಇರಲಿಲ್ಲ.