ಹೊಲದಲ್ಲಿ ಸಿಕ್ಕಿದ ಕಪ್ಪು ಕಲ್ಲು ಉಲ್ಕಾಶಿಲೆಯಾ? ಅದಕ್ಕೆ ಕೋಟಿ ಬೆಲೆ ಇದೆಯಾ?

ಮೊದಲು ಒಂದು ಮಾತು. ದಯವಿಟ್ಟು ಆ ಮನುಷ್ಯನಿಗೆ ದುಡ್ಡು ಕೊಡಬೇಡಿ.

ನೀವು ಬರೆದಿರುವುದು ಇಷ್ಟು. ಸಂಡೂರು ಕಡೆಯ ನಿಮ್ಮ ಹೊಲದಲ್ಲಿ ಉಳುವಾಗ ತೆಂಗಿನಕಾಯಿ ಗಾತ್ರದ ಕಪ್ಪು ಕಲ್ಲು ಸಿಕ್ಕಿದೆ. ತುಂಬಾ ಭಾರ. ಅಯಸ್ಕಾಂತ ಸ್ವಲ್ಪ ಹಿಡಿಯುತ್ತದೆ. ಪರಿಚಯದವರೊಬ್ಬರು ಇದು ಆಕಾಶದಿಂದ ಬಿದ್ದದ್ದು, ಫಾರಿನ್‌ನಲ್ಲಿ 2 ಕೋಟಿಗೆ ಹೋಗುತ್ತದೆ ಅಂದಿದ್ದಾರೆ. ಲ್ಯಾಬ್ ಟೆಸ್ಟ್‌ಗೆ ಅಂತ 40,000 ರೂಪಾಯಿ ಮುಂಗಡ ಕೇಳುತ್ತಿದ್ದಾರೆ. ಅಕ್ಕಿ ಎಳೆಯುವ ಚೊಂಬು ಅಂತ ರೈಸ್ ಪುಲ್ಲಿಂಗ್ ಹೆಸರಲ್ಲಿ ಎಷ್ಟು ಜನ ಮನೆ ಕಳೆದುಕೊಂಡರು, ಪೇಪರಲ್ಲಿ ಓದಿರುತ್ತೀರಿ ಅಲ್ವಾ? ದಾರಿ ಅದೇ, ವಸ್ತು ಮಾತ್ರ ಬೇರೆ. ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಆನ್‌ಲೈನ್‌ನಲ್ಲಿ ಒಬ್ಬರಿಂದ ಸರ್ಟಿಫಿಕೇಟ್ ಸಮೇತ ತರಿಸಿಕೊಂಡ ಕಲ್ಲು ಕೊನೆಗೆ ಬರೀ ಕಬ್ಬಿಣದ ಕಿಟ್ಟ ಅಂತ ಗೊತ್ತಾಯಿತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸಂಡೂರು ಅಂದರೆ ಅದಿರಿನ ನೆಲ. ಅಲ್ಲಿ ಕಪ್ಪಗೆ, ಭಾರವಾಗಿ ಸಿಗುವ ಕಲ್ಲು ಬಹುಮಟ್ಟಿಗೆ ಕಬ್ಬಿಣದ ಅದಿರೇ ಆಗಿರುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಒಂದು ಟೈಲ್ಸ್ ತುಂಡು ತಗೊಳ್ಳಿ. ಅದರ ಹಿಂಬದಿಗೆ, ಹೊಳಪಿಲ್ಲದ ಕಡೆಗೆ, ಕಲ್ಲನ್ನು ಬಲವಾಗಿ ಉಜ್ಜಿ. ಕಾವಿ ಬಣ್ಣದ ಗೆರೆ ಬಂದರೆ ಹೆಮಟೈಟ್, ದಟ್ಟ ಕಪ್ಪು ಗೆರೆ ಬಂದರೆ ಮ್ಯಾಗ್ನಟೈಟ್. ಎರಡೂ ಅದಿರೇ. ಹೊಸದಾಗಿ ಬಿದ್ದ ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆ ಬಿಡುವುದಿಲ್ಲ. ಮೈಯಲ್ಲಿ ಗುಳ್ಳೆ ಒಡೆದ ತೂತುಗಳಿದ್ದರೆ ಅದು ಹೆಚ್ಚಾಗಿ ಹಳೇ ಕುಲುಮೆಯ ಕಿಟ್ಟ. ನಿಜವಾದದ್ದಕ್ಕೆ ಮೊಟ್ಟೆ ಚಿಪ್ಪಿನಷ್ಟು ತೆಳ್ಳಗೆ ಕರಕಲು ಸಿಪ್ಪೆ ಇರುತ್ತದೆ, ಗಾಳಿಯಲ್ಲಿ ಉರಿದು ಕರಗಿದ ಗುರುತು ಅದು. ಕೆಲವದರ ಮೇಲೆ ಹಸಿ ಜೇಡಿಮಣ್ಣಿಗೆ ಹೆಬ್ಬೆರಳು ಒತ್ತಿದ ಹಾಗೆ ಗುಳಿಗಳು. ಒಂದು ಮೂಲೆಯನ್ನು ಅರದಿಂದ ಉಜ್ಜಿದರೆ ಒಳಗೆ ಹೊಳೆಯುವ ಲೋಹದ ಚುಕ್ಕೆಗಳು, ರಾಗಿಕಾಳಿನಷ್ಟು ದುಂಡನೆಯ ಕಣಗಳು ಕಾಣಬಹುದು. ಆ ಕಣಗಳಿಗೆ ಸುಮಾರು 456 ಕೋಟಿ ವರ್ಷ. ಭೂಮಿ ಪೂರ್ತಿ ರೂಪುಗೊಳ್ಳುವ ಮೊದಲೇ ಗಟ್ಟಿಯಾದ ಹನಿಗಳು ಅವು.

ಉಲ್ಕಾಶಿಲೆಗಳು ಹೆಚ್ಚಾಗಿ ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ಕ್ಷುದ್ರಗ್ರಹಗಳ ಚೂರುಗಳು. ತೀರಾ ಕೆಲವು ಚಂದ್ರನಿಂದ, ಮಂಗಳದಿಂದ ಬಂದಿವೆ. ಮಂಗಳದ ಕತೆಗೆ ನಮ್ಮ ದೇಶದ ಕಲ್ಲೇ ದೊಡ್ಡ ಸಾಕ್ಷಿ. 1865ರ ಆಗಸ್ಟ್ 25ರಂದು ಬಿಹಾರದ ಗಯಾ ಹತ್ತಿರದ ಶೆರ್ಗಾಟಿಯಲ್ಲಿ ಸುಮಾರು 5 ಕಿಲೋ ತೂಕದ ಕಲ್ಲು ಬಿತ್ತು. ನೂರು ವರ್ಷಕ್ಕೂ ಜಾಸ್ತಿ ಕಾಲ ಅದು ಒಗಟಾಗಿಯೇ ಉಳಿಯಿತು. ಅದು ಗಟ್ಟಿಯಾದ ಲಾವಾ, ವಯಸ್ಸು ಲೆಕ್ಕ ಹಾಕಿದರೆ ಬೇರೆ ಉಲ್ಕಾಶಿಲೆಗಳಿಗಿಂತ ತೀರಾ ಇತ್ತೀಚಿನದು. ಸಣ್ಣ ಕ್ಷುದ್ರಗ್ರಹ ಯಾವತ್ತೋ ತಣ್ಣಗಾಗಿರುತ್ತದೆ, ಅಷ್ಟು ತಡವಾಗಿ ಅದರಲ್ಲಿ ಲಾವಾ ಎಲ್ಲಿಂದ ಬರಬೇಕು? 1980ರಲ್ಲಿ ಅಂಟಾರ್ಕ್ಟಿಕಾದ ಮಂಜಿನಲ್ಲಿ ಇದೇ ಜಾತಿಯ ಇನ್ನೊಂದು ಕಲ್ಲು ಸಿಕ್ಕಿತು. ಅದರೊಳಗಿನ ಗಾಜಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿಯನ್ನು ಅಳೆದರು. 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳದಲ್ಲಿ ಅಳೆದ ಗಾಳಿಗೆ ಅದು ಸರಿಯಾಗಿ ಹೊಂದಿತು! ಆ ಜಾತಿಯ ಕಲ್ಲುಗಳಿಗೆ ಈಗ ಪ್ರಪಂಚವೆಲ್ಲ ಶೆರ್ಗೊಟೈಟ್ ಅಂತ ಕರೆಯುತ್ತದೆ. ಬಿಹಾರದ ಒಂದು ಊರಿನ ಹೆಸರು ಮಂಗಳದ ಬಂಡೆಗೆ. ನನಗೆ ಇದನ್ನು ಎಷ್ಟು ಸಲ ಹೇಳಿದರೂ ಮೈ ಜುಮ್ಮೆನ್ನುತ್ತದೆ.

ಶೆರ್ಗಾಟಿಯದು ಬಿದ್ದು ಒಂದು ತಿಂಗಳಾಗುವ ಮೊದಲೇ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ನಮ್ಮ ಮದ್ದೂರಿನಲ್ಲೂ ಒಂದು ಬಿತ್ತು. ಮರುವರ್ಷ ಉಡುಪಿಯಲ್ಲಿ ಇನ್ನೊಂದು. ಹಳೇ ಇಂಗ್ಲಿಷ್ ಕಾಗುಣಿತದಲ್ಲಿ ಮುದ್ದೂರ್, ಉಡಿಪಿ ಅಂತ ಉಲ್ಕಾಶಿಲೆಗಳ ಪಟ್ಟಿಯಲ್ಲಿವೆ. ಅವು ಸಾಮಾನ್ಯ ಜಾತಿಯ ಕಲ್ಲುಗಳು. ಆದರೆ ಎಲ್ಲಿ, ಯಾವಾಗ ಬಿತ್ತು ಅಂತ ಯಾರೋ ಬರೆದಿಟ್ಟರು, ಅದಕ್ಕೇ 160 ವರ್ಷದ ನಂತರವೂ ಅವಕ್ಕೆ ಹೆಸರಿದೆ. ಜಹಾಂಗೀರ್ ಬಾದಶಹನೂ ಹೀಗೇ. 1621ರಲ್ಲಿ ಜಲಂಧರ್ ಬಳಿ ಬಿದ್ದ ಕಬ್ಬಿಣವನ್ನು ತೂಗಿಸಿದ, 160 ತೊಲ ಅಂತ ಬರೆಸಿದ. ಬರೀ ಅದೇ ಕಬ್ಬಿಣ ಸುತ್ತಿಗೆ ಏಟಿಗೆ ಒಡೆಯಿತು. ಮೂರು ಪಾಲಿಗೆ ಒಂದು ಪಾಲು ಬೇರೆ ಕಬ್ಬಿಣ ಬೆರೆಸಿ ಕತ್ತಿ, ಚೂರಿ ಮಾಡಿಸಿದ. ಆ ಚೂರಿ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ.

ಈಗ ಬೆಲೆ ವಿಷಯ. ಕೋಟಿ ಅನ್ನುವುದು ಪೂರ್ತಿ ಸುಳ್ಳಲ್ಲ. ನೈಜರ್ ದೇಶದ ಮರುಭೂಮಿಯಲ್ಲಿ 2023ರಲ್ಲಿ ಸಿಕ್ಕಿದ, 24 ಕಿಲೋಗೂ ಹೆಚ್ಚು ತೂಗುವ ಮಂಗಳದ ಕಲ್ಲು 2025ರ ಜುಲೈಯಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಎಲ್ಲ ಸೇರಿ ಸುಮಾರು 53 ಲಕ್ಷ ಡಾಲರ್‌ಗೆ ಹೋಯಿತು. ಅದು ದೇಶ ಬಿಟ್ಟು ಹೋದದ್ದು ಹೇಗೆ ಅಂತ ನೈಜರ್ ಸರ್ಕಾರ ತನಿಖೆಗೂ ಇಳಿಯಿತು. ಇಂಥದ್ದು ಅಪರೂಪದಲ್ಲಿ ಅಪರೂಪ. ಸಹಾರಾದಲ್ಲಿ ಸಿಗುವ ಸಾದಾ ಕಲ್ಲುಗಳು ಗ್ರಾಂಗೆ ಒಂದೆರಡು ಡಾಲರ್‌ಗೂ ಸಿಗುತ್ತವೆ. ನನ್ನ ಹತ್ತಿರ ಇರುವುದು ಹುಣಸೆಬೀಜದಷ್ಟು ಚೂರು. 1947ರ ಫೆಬ್ರವರಿ 12ರಂದು ರಷ್ಯಾದ ಸಿಖೋಟೆ ಅಲಿನ್ ಬೆಟ್ಟಗಳಲ್ಲಿ ಸಿಡಿದು ಬಿದ್ದ ಕಬ್ಬಿಣದ್ದು. ಮಕ್ಕಳು ಮನೆಗೆ ಬಂದರೆ ಅಂಗೈ ಮೇಲೆ ಇಟ್ಟು ತೋರಿಸುತ್ತೇನೆ. ನಿಮಗೂ ಕೊಳ್ಳುವ ಆಸೆ ಇದ್ದರೆ ಹೆಸರಿರುವುದನ್ನೇ ಕೊಳ್ಳಿ. ಉಲ್ಕಾಶಿಲೆಗಳಿಗೆ ಹೆಸರು ಕೊಡುವ ವಿಜ್ಞಾನಿಗಳ ಸಂಘ, ಮೀಟಿಯೊರಿಟಿಕಲ್ ಸೊಸೈಟಿಯ ಪಟ್ಟಿ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಮಾರುವವರು ಹೇಳುವ ಹೆಸರು ಅದರಲ್ಲಿದೆಯಾ ನೋಡಿ. ಹೆಸರಿದ್ದ ಮಾತ್ರಕ್ಕೆ ಕಲ್ಲು ಅಸಲಿ ಅಂತಲ್ಲ, ಆದರೆ ಹೆಸರೇ ಇಲ್ಲದಿದ್ದರೆ ಮುಂದೆ ಹೋಗಬೇಡಿ.

ನಿಮ್ಮ ಕಲ್ಲಿನ ಗೆರೆ ಪರೀಕ್ಷೆ ಇವತ್ತೇ ಮಾಡಿ. ಗೆರೆ ಬೀಳದಿದ್ದರೆ, ಒಳಗೆ ಲೋಹದ ಚುಕ್ಕೆ ಕಂಡರೆ, ಯಾರಿಗೂ ಮಾರಬೇಡಿ. ನಮ್ಮ ದೇಶದಲ್ಲಿ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು, ಅದರ ಕಚೇರಿ ಬೆಂಗಳೂರಿನಲ್ಲೂ ಇದೆ. ಅಲ್ಲಿ ತೋರಿಸುವ ತನಕ ನೀರಲ್ಲಿ ತೊಳೆಯಬೇಡಿ, ಒಣ ಬಟ್ಟೆಯಲ್ಲಿ ಸುತ್ತಿಡಿ. ಸ್ಪೀಕರ್‌ನಿಂದ ಕಿತ್ತ ದೊಡ್ಡ ಅಯಸ್ಕಾಂತ ತಾಗಿಸಬೇಡಿ, ಕಲ್ಲಿನೊಳಗೆ ಉಳಿದಿರುವ ಹಳೇ ಕಾಂತದ ಗುರುತು ಅಳಿಸಿಹೋಗುತ್ತದೆ. ಮತ್ತೆ ಸಿಕ್ಕಿದ ತಾರೀಕು, ಹೊಲದಲ್ಲಿ ಯಾವ ಜಾಗ, ಎಷ್ಟು ಆಳ, ಎಲ್ಲ ಒಂದು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗೇ ಇಡಿ.